ಕೊನೆಗದ್ದೆಗೆ ನೀರು

ಅಕ್ಟೋಬರ್ 4

ಗುಬ್ಬಿ,

ಕ್ಷೇಮ ಸಮಾಚಾರ ಆಮೇಲೆ ಬರೆಯುತ್ತೇನೆ, ಮೊದಲು ನೀರಿನ ಸಮಾಚಾರ ಹೇಳು. ಕಾಲುವೆ ಒಣಗಿ ವಾರವಾಗುತ್ತಾ ಬಂತು. ಜಲಾಶಯದಲ್ಲಿ ತೂಬಿನ ಗೇಟು ಎತ್ತುವವನು ನನ್ನ ಸ್ವಂತ ತಮ್ಮ. ಆ ಕಾಲುವೆಯ ಕಟ್ಟಕಡೆಯ ಗದ್ದೆ ನನ್ನದು. ಇವೆರಡರ ನಡುವೆ ಇರಬೇಕಾದ ನೀರು ಎಲ್ಲಿ ಹೋಯಿತೋ ಮಾರಾಯ?

ಪೈರಿಗೆ ಈಗ ಹಾಲು ತುಂಬುವ ಹೊತ್ತು. ತೆನೆ ಹಿಸುಕಿದರೆ ಬೆರಳಿಗೆ ಬಿಳಿ ಅಂಟುತ್ತದೆ. ಇನ್ನೊಂದೇ ಒಂದು ಸಲ ಗದ್ದೆ ತುಂಬ ನೀರು ನಿಂತರೆ ಕಾಳು, ಇಲ್ಲದಿದ್ದರೆ ಬರೀ ಜೊಳ್ಳು. ಇದನ್ನೆಲ್ಲ ನಿನಗೆ ಹೇಳಿಕೊಡಬೇಕೇ? ಅಮ್ಮ ಹೋದಮೇಲೆ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಕಳೆ ಕಿತ್ತವಳು ನಾನು.

ನಮ್ಮ ಕೊನೆಗದ್ದೆಯವರು ಭತ್ತದ ಆಸೆಯನ್ನೇ ಬಿಟ್ಟವರು. ನಮ್ಮವರೆಗೆ ಬರುವಷ್ಟರಲ್ಲಿ ಮೇಲಿನವರು ನೀರನ್ನೆಲ್ಲ ಹೀರಿ ಕೈ ತೊಳೆದುಕೊಂಡಿರುತ್ತಾರೆ. ಈ ವರ್ಷ ನೀನು, "ಜಲಾಶಯ ತುಂಬಿ ಕೋಡಿ ಬಿದ್ದಿದೆ ಅಕ್ಕ, ಕಣ್ಣು ಮುಚ್ಚಿಕೊಂಡು ನಾಟಿ ಮಾಡಿ" ಎಂದು ಬರೆದೆ. ನಾನೋ, ಬಾಯಿ ಸುಮ್ಮನಿರಬೇಕಲ್ಲ, ಅದನ್ನು ಬೀದಿಯವರಿಗೆಲ್ಲ ಓದಿ ಹೇಳಿದೆ. ಗೇಟಿನವನ ಅಕ್ಕ ಹೇಳಿದಳು ಎಂದು ಎಲ್ಲರೂ ಭತ್ತ ಹಾಕಿದರು. ಈಗ ನೀರಿಗೆ ಹೊರಟರೆ ಸಾಕು, ದಾರಿಯುದ್ದಕ್ಕೂ ನನ್ನನ್ನೇ ಕೇಳುತ್ತಾರೆ. "ಏನಮ್ಮಾ, ನಿಮ್ಮ ತಮ್ಮ ನಿದ್ದೆ ಮಾಡ್ತಿದಾರಾ?"

ನಿನ್ನ ಭಾವ ಬೆಳಗ್ಗೆ ಎದ್ದರೆ ಬದುವಿನ ಮೇಲೆ ಹೋಗಿ ಕೂರುತ್ತಾರೆ. ಹಟ್ಟಿ ಗುಡಿಸುವುದಿಲ್ಲ, ಎತ್ತಿಗೆ ನೀರು ಕುಡಿಸುವುದಿಲ್ಲ. ನೆಲ ಬಿರಿಯುವುದನ್ನು ನೋಡುತ್ತಾ ಕೂರುತ್ತಾರೆ, ಅಷ್ಟೇ.

ಕಾಲುವೆ ಕಾಯುವ ಸೈಕಲ್ಲಣ್ಣನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವನು ಹಿಂದಿರುಗುವಾಗ ಉತ್ತರ ಬೇಡ, ನೀರು ಕಳಿಸು.

ನಿನ್ನ ಅಕ್ಕ


ಅಕ್ಟೋಬರ್ 7

ಅಕ್ಕ,

ಬೈದಿದ್ದೆಲ್ಲ ತಲುಪಿತು. ನಿನ್ನ ಬೈಗುಳ ಕೇಳಿ ಬಹಳ ದಿನವಾಗಿತ್ತು, ಹೊಟ್ಟೆ ತುಂಬಿತು.

ಗೇಟಿನಲ್ಲಿ ಸಣ್ಣ ರಿಪೇರಿ ಇದೆ. ಅಷ್ಟೇ, ಬೇರೇನಿಲ್ಲ. ಎಂಜಿನಿಯರ್ ಸಾಹೇಬರು ಹೇಳುವವರೆಗೆ ಎತ್ತುವ ಹಾಗಿಲ್ಲ. ಅವರು ದಿನಾ ಬಂದು ನೋಡಿಕೊಂಡು ಹೋಗುತ್ತಿದ್ದಾರೆ. ಇನ್ನು ಸ್ವಲ್ಪ ದಿನ ಎಂದಿದ್ದಾರೆ. ಎಷ್ಟು ದಿನ ಎಂದು ಕೇಳಬೇಡ, ನನಗೂ ಹೇಳಿಲ್ಲ. ಇಲ್ಲಿರುವ ಫೋನು ದೊಡ್ಡ ಆಫೀಸಿಗೆ ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಬೀದಿ ಕೊನೆಯ ಅಂಗಡಿಗಾದರೂ ಮಾಡಿ ನಿನ್ನನ್ನು ಕರೆಸುತ್ತಿದ್ದೆ.

ನಾನು ಚೆನ್ನಾಗಿದ್ದೇನೆ. ಗೇಟುಮನೆಯ ಕಿಟಕಿಯ ಗಾಜು ಒಡೆದಿತ್ತು, ರಟ್ಟು ಹಚ್ಚಿದೆ. ಸ್ಟೌವಿನ ಬತ್ತಿ ಬದಲಾಯಿಸಿದೆ. ನಿದ್ದೆ ಸರಿಯಾಗಿ ಬರುತ್ತಿಲ್ಲ, ಇಲ್ಲಿ ಸೊಳ್ಳೆ ಜಾಸ್ತಿ.

ಅಂದಹಾಗೆ, ಗುಡ್ಡದ ಮೇಲಿನ ಚಿಕ್ಕಮ್ಮ ನಿನ್ನನ್ನು ತುಂಬ ನೆನೆಸಿಕೊಳ್ಳುತ್ತಿದ್ದಳಂತೆ. ಹೇಗೂ ಗದ್ದೆಯಲ್ಲಿ ಈಗ ಕೆಲಸವಿಲ್ಲವಲ್ಲ, ಮಕ್ಕಳನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗಿ ಕೆಲವು ದಿನ ಇದ್ದು ಬಾ. ಭಾವನೂ ಹೋಗಲಿ. ಮಕ್ಕಳಿಗೆ ಗುಡ್ಡದ ಗಾಳಿ ಒಳ್ಳೆಯದು.

ಹೋಗು ಅಕ್ಕ. ಸುಮ್ಮನೆ ಹೇಳುತ್ತಿಲ್ಲ.

ಗುಬ್ಬಿ


ಅಕ್ಟೋಬರ್ 10

ಗುಬ್ಬಿ,

ನನ್ನ ಮದುವೆಯಲ್ಲಿ ಮುಖ ತಿರುಗಿಸಿಕೊಂಡು ಹೋದ ಚಿಕ್ಕಮ್ಮ ಈಗ ನನ್ನನ್ನು ನೆನೆಸಿಕೊಂಡಳಾ? ಸುಳ್ಳು ಹೇಳುವುದಕ್ಕೂ ಸ್ವಲ್ಪ ತಲೆ ಬೇಕು ಕಣೋ. ಗದ್ದೆಯಲ್ಲಿ ಕೆಲಸವಿಲ್ಲ ಎಂದು ಬರೆಯಲು ನಿನಗೆ ಕೈಯಾದರೂ ಹೇಗೆ ಬಂತು?

ನಿನ್ನೆ ಬಟ್ಟೆ ಒಗೆಯಲು ನದಿಗೆ ಹೋದೆ. ಮೊದಲು ಕಣ್ಣನ್ನೇ ನಂಬಲಿಲ್ಲ. ನದಿ ದಡ ಮುಟ್ಟಿ ಹರಿಯುತ್ತಿದೆ! ನಾವು ಬಟ್ಟೆ ಒಗೆಯುವ ಕಲ್ಲುಗಳೆಲ್ಲ ಮುಳುಗಿವೆ. ಕಾಲುವೆಗೆ ತೊಟ್ಟು ನೀರಿಲ್ಲ, ನದಿಗೆ ಈ ಪಾಟಿ ಬಿಟ್ಟಿದ್ದೀರಿ. ದೊಡ್ಡವಳು, "ಅಮ್ಮ, ಇದು ಮಾಮ ಬಿಟ್ಟಿರೋ ನೀರೇನಮ್ಮ?" ಎಂದು ಕೇಳಿದಳು.

ನದಿ ನಮ್ಮ ಗದ್ದೆಗಿಂತ ಎಷ್ಟು ಕೆಳಗಿದೆ ಎಂದು ನಿನಗೆ ಗೊತ್ತು. ಆದರೂ ಕೊಡದಲ್ಲಿ ಹೊತ್ತೆವು. ನಾನು, ಅತ್ತೆ, ಇಬ್ಬರು ಮಕ್ಕಳು, ಬೆಳಗಿನಿಂದ ಸಂಜೆಯವರೆಗೆ. ಒಂದು ಮೂಲೆ ಒದ್ದೆಯಾಯಿತು. ನಾವು ಇನ್ನೊಂದು ಕೊಡ ತರುವಷ್ಟರಲ್ಲಿ ಅದನ್ನೂ ನೆಲ ಕುಡಿದಿತ್ತು. ಚಿಕ್ಕವಳು ದಡದಲ್ಲಿ ಜಾರಿ ಬಿದ್ದು ಮಂಡಿ ತರಚಿಕೊಂಡಳು, ಆದರೂ ಕೊಡ ಬಿಡಲಿಲ್ಲ. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಬದುವಿನ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ, ಯಾರು ನೋಡಿದರೂ ನೋಡಲಿ ಎಂದು.

ಕೆಳಗಿನ ಊರಿನಲ್ಲಿ ಹೊಸ ಕಾರ್ಖಾನೆ ಬಂದಿದೆಯಲ್ಲ, ನೀರು ಅದಕ್ಕೆ ಹೋಗುತ್ತಿದೆ ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ಕ್ಷೌರದಂಗಡಿಯವನು ನಿನ್ನ ಭಾವನಿಗೆ ಅರ್ಧ ಗಡ್ಡ ಕೆರೆದು ನಿಲ್ಲಿಸಿ ಕೇಳಿದನಂತೆ, "ನಿಮ್ಮ ಬಾಮೈದನಿಗೂ ಏನಾದ್ರೂ ಸಿಕ್ಕಿರಬೇಕಲ್ವಾ?" ಇವರು ಅರ್ಧ ಗಡ್ಡದಲ್ಲೇ ಎದ್ದು ಬಂದರು. ಮಿಲ್ಲಿನ ಹತ್ತಿರ ಹೆಂಗಸರು ಮಾತಾಡುತ್ತಿದ್ದವರು ನನ್ನನ್ನು ಕಂಡು ಗಪ್ಪಾದರು. ಒಬ್ಬಳೂ ನನ್ನ ಮುಖ ನೋಡಲಿಲ್ಲ.

ನೀನು ಹಾಗೆ ಮಾಡುವವನಲ್ಲ ಎಂದು ನಾನು ಎಲ್ಲರ ಜೊತೆ ಜಗಳ ಕಾದಿದ್ದೇನೆ. ಈ ಬೆಳೆ ಹೋದರೆ ನಮ್ಮ ವರ್ಷದ ಊಟ ಹೋಯಿತು. ನಮ್ಮದೊಂದೇ ಅಲ್ಲ, ನನ್ನ ಮಾತು ಕೇಳಿ ನಾಟಿ ಮಾಡಿದ ಪ್ರತಿ ಮನೆಯದೂ ಹೋಯಿತು. ಆಮೇಲೆ ನಾನು ಈ ಬೀದಿಯಲ್ಲಿ ಹೇಗೆ ತಲೆ ಎತ್ತಿ ಓಡಾಡಲಿ? ಒಂದು ರಾತ್ರಿ ಬಿಡು. ಒಂದೇ ರಾತ್ರಿ. ನಿನ್ನ ಕಾಲಿಗೆ ಬೀಳುತ್ತೇನೆ. ಅಕ್ಕ ತಮ್ಮನ ಕಾಲಿಗೆ ಬೀಳುವ ಹಾಗೆ ಮಾಡಿದೆಯಲ್ಲೋ.

ಅಕ್ಕ


ಅಕ್ಟೋಬರ್ 13

ಅಕ್ಕ,

ಕಾರ್ಖಾನೆಗೆ ಒಂದು ಲೋಟ ನೀರನ್ನೂ ಯಾರೂ ಕೊಟ್ಟಿಲ್ಲ. ನಿನ್ನ ಮೇಲೆ ಆಣೆ. ಮಕ್ಕಳಿಂದ ಕೊಡ ಹೊರಿಸಬೇಡ. ನದಿಯ ಹತ್ತಿರ ಹೋಗಲೇಬೇಡಿ, ನೀರಿನ ಸೆಳೆತ ಜಾಸ್ತಿ ಇದೆ, ಇನ್ನೂ ಹೆಚ್ಚಾದರೂ ಆಗಬಹುದು. ಇಲ್ಲಿ ಮೇಲ್ಗಡೆ ಮತ್ತೆ ಮಳೆ ಹಿಡಿದಿದೆ.

ನನಗೆ ಮೈ ಸರಿಯಿಲ್ಲ. ನಾಲ್ಕೈದು ದಿನದಿಂದ ಜ್ವರ. ಎದೆಯಲ್ಲೂ ಒಂಥರಾ ನೋವು. ಪೇಟೆಯ ಡಾಕ್ಟರು, ಮನೆಯವರನ್ನು ಕರೆಸಿಕೊ ಎಂದರು. ನೀವೆಲ್ಲ ಬನ್ನಿ. ಭಾವ, ಅತ್ತೆ, ಮಕ್ಕಳು, ಎಲ್ಲರೂ. ಗೇಟುಮನೆಗೆ ಬರಬೇಡಿ, ಇಲ್ಲಿ ಜಾಗವಿಲ್ಲ. ಪೇಟೆಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಏರು ರಸ್ತೆಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ನೆಲಕ್ಕೆ ಚಾಪೆ ಹಾಸಿಟ್ಟಿದ್ದೇನೆ. ಈ ಕಾಗದ ತಲುಪಿದ ದಿನವೇ ಹೊರಡಿ. ಎತ್ತುಗಳನ್ನೂ ಕಟ್ಟಿ ಹಾಕಿ ಬರಬೇಡಿ, ಹಗ್ಗ ಬಿಚ್ಚಿ ಬನ್ನಿ, ಅಥವಾ ಗುಡ್ಡದ ಕಡೆ ಯಾರಿಗಾದರೂ ಒಪ್ಪಿಸಿ ಬನ್ನಿ.

ಬರುತ್ತೀಯಲ್ಲ? ನಾನು ಸಣ್ಣವನಿದ್ದಾಗ ಸೀನಿದರೂ ನೀನು ಓಡಿ ಬರುತ್ತಿದ್ದೆ.

ಗುಬ್ಬಿ


ಅಕ್ಟೋಬರ್ 16

ಗುಬ್ಬಿ,

ಕಾಗದ ಓದಿದವಳೇ ಎದ್ದೆ. ಗಂಟು ಕಟ್ಟಲು ಶುರು ಮಾಡಿದ್ದೆ. ಅತ್ತೆ ಶುಂಠಿ ಕುಟ್ಟಿ ಡಬ್ಬಿಗೆ ತುಂಬಿದರು. ಆಮೇಲೆ ಸೈಕಲ್ಲಣ್ಣನನ್ನು ಕೇಳಿದೆ, "ನಮ್ಮ ತಮ್ಮ ತುಂಬ ಸೋತಿದಾನಾ ಅಣ್ಣ?"

ಅವನು, "ಯಾರು, ಗೇಟಣ್ಣಾನಾ? ಗಟ್ಟಿಯಾಗೇ ಇದಾರಲ್ಲಮ್ಮ. ನಿನ್ನೆ ಏರಿ ಮೇಲೆ ಮರಳು ಮೂಟೆ ಹೊರ್ತಿದ್ರು" ಎಂದ.

ಮರಳು ಮೂಟೆ! ಎದೆನೋವಿನವನು ಮೂಟೆ ಹೊರುತ್ತಿದ್ದಾನೆ. ಎಲ್ಲಿಗೆ ಹೊತ್ತೆ ಎಂದು ನನಗೆ ಅರ್ಥವಾಗದೇ? ನಮ್ಮ ಕಾಲುವೆಯ ಬಾಯಿಗೆ. ಅಪ್ಪಿತಪ್ಪಿಯೂ ಒಂದು ತೊಟ್ಟು ನಮಗೆ ಸಿಗಬಾರದೆಂದು ಮೂಟೆ ಅಡ್ಡ ಹಾಕುತ್ತಿದ್ದೀರಿ. ನನ್ನ ಮೇಲೆ ಆಣೆ ಬೇರೆ ಇಟ್ಟಿದ್ದೀಯ. ನಮ್ಮನ್ನು ಊರು ಬಿಡಿಸಿ, ಪೈರು ಒಣಗುವುದನ್ನು ಕಣ್ಣಾರೆ ನೋಡದ ಹಾಗೆ ಮಾಡಿದರೆ ನಿನಗೆ ಸಮಾಧಾನ, ಅಲ್ಲವೇ? ಗಂಟು ಬಿಚ್ಚಿಬಿಟ್ಟೆ. ಶುಂಠಿಯನ್ನು ಅತ್ತೆ ಅಂಗಳಕ್ಕೆ ಚೆಲ್ಲಿದರು.

ತೆನೆಗಳು ತುದಿಯಿಂದ ಬೆಳ್ಳಗಾಗುತ್ತಿವೆ. ಇನ್ನು ಎರಡು ಮೂರು ದಿನ. ಆಮೇಲೆ ಸಮುದ್ರವನ್ನೇ ತಂದು ಸುರಿದರೂ ಪ್ರಯೋಜನವಿಲ್ಲ.

ನಿನ್ನ ಭಾವ ಊರಲ್ಲಿಲ್ಲ. ಎತ್ತು ನೋಡಲು ದನದ ಸಂತೆಗೆ ಹೋಗಿದ್ದಾರೆ, ಅಕ್ಕಪಕ್ಕದ ಗಂಡಸರ ಜೊತೆ. ಬರುವುದು ಎರಡು ದಿನವಾಗಬಹುದು. ಹೋಗುವ ಮುಂಚೆ ನನ್ನನ್ನು ಕೇಳಿದರು, "ನಿನ್ ತಮ್ಮ ಏನಾದ್ರೂ ಹೇಳಿದ್ರೆ ನಂಬಬಹುದಾ?" ಎಂದು. ನಾನು, ಇನ್ನು ನಂಬಬೇಡಿ ಎಂದೆ. ಹಾಗೆ ಹೇಳಿ ಒಳಗೆ ಹೋಗಿ ಒಲೆಯ ಮುಂದೆ ಕೂತೆ, ಒಲೆ ಹಚ್ಚಲಿಲ್ಲ.

ನಿನ್ನ ಮೇಲೆ ಕೋಪ ಬೆಟ್ಟದಷ್ಟಿದೆ. ಆದರೂ ಒಂದು ಮಾತು ಹೇಳುತ್ತೇನೆ, ಯಾಕೆ ಏನು ಎಂದು ಕೇಳಬೇಡ. ಎರಡು ದಿನ ಗೇಟುಮನೆಯಲ್ಲಿ ಒಬ್ಬನೇ ಇರಬೇಡ. ರಜೆ ಹಾಕಿ ಪೇಟೆಗೆ ಹೋಗು. ಹೇಗೂ ಕೋಣೆ ಹಿಡಿದಿದ್ದೀಯಲ್ಲ, ಆ ಚಾಪೆಯ ಮೇಲೆ ನೀನೇ ಮಲಗು. ಯಾರಾದರೂ ಬಂದು ಬಾಗಿಲು ಬಡಿದರೆ ಎದುರು ನಿಲ್ಲಬೇಡ. ನಿನಗೆ ಒಂದು ಪೆಟ್ಟು ಬಿದ್ದರೂ ನಾನು ತಡೆದುಕೊಳ್ಳಲಾರೆ.

ಅಕ್ಕ


ಅಕ್ಟೋಬರ್ 18, ಬೆಳಗಿನ ಜಾವ

ಅಕ್ಕ,

ಮೊದಲು ಇದನ್ನು ಮಾಡು, ಆಮೇಲೆ ಉಳಿದದ್ದನ್ನು ಓದು. ಮಕ್ಕಳನ್ನೂ ಅತ್ತೆಯನ್ನೂ ಕರೆದುಕೊಂಡು ಗುಡ್ಡಕ್ಕೆ ಹತ್ತು. ಏನನ್ನೂ ಕಟ್ಟಿಕೊಳ್ಳಬೇಡ. ಎತ್ತಿನ ಹಗ್ಗ ಬಿಚ್ಚು. ಬೀದಿಯುದ್ದಕ್ಕೂ ಕೂಗಿಕೊಂಡು ಹೋಗು. ನೀರು ಬಂತೆಂದು ಯಾರೂ ಗದ್ದೆಗೆ ಇಳಿಯಬಾರದು, ಕಾಲುವೆಯ ಹತ್ತಿರ ನಿಲ್ಲಬಾರದು.

ರಿಪೇರಿ ಸುಳ್ಳು, ಚಿಕ್ಕಮ್ಮ ಸುಳ್ಳು, ಜ್ವರ ಸುಳ್ಳು. ಇದು ನಿಜ. ಜಲಾಶಯದ ಏರಿಯ ಅಡಿಯಲ್ಲಿ ತೂಬಿನ ಕೊಳವೆ ಹಾದು ಹೋಗುತ್ತದೆ, ನಿಮ್ಮ ಕಾಲುವೆಗೆ ನೀರು ಬರುವುದು ಅದರೊಳಗಿಂದ. ಆ ಕೊಳವೆ ನಡುವೆ ಬಿರಿದಿದೆ. ಅದರಲ್ಲಿ ನೀರು ಹರಿದರೆ ಏರಿಯ ಮಣ್ಣನ್ನು ಒಳಗಿನಿಂದ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಕಾಲುವೆ ನಿಲ್ಲಿಸಿ ನದಿಯ ಕಡೆಯ ಗೇಟು ಎತ್ತಿದ್ದು, ಮಟ್ಟ ಇಳಿಸಲಿಕ್ಕೆ. ಸಾಹೇಬರು, "ಸ್ವಲ್ಪ ದಿನದಲ್ಲಿ ಇಳಿದುಬಿಡುತ್ತೆ, ಯಾರ ಹತ್ರಾನೂ ಬಾಯಿ ಬಿಡಬೇಡ, ಜನ ದಿಕ್ಕಾಪಾಲಾಗಿ ಓಡ್ತಾರೆ" ಎಂದರು. ನನಗೂ ಅದೇ ಸರಿ ಎನಿಸಿತು. ಏರಿ ಉಳಿದರೆ ಯಾರಿಗೂ ತಿಳಿಯದ ಹಾಗೆ ಮುಗಿದು ಹೋಗುತ್ತದೆ, ನಿಮ್ಮನ್ನು ಮಾತ್ರ ಹೇಗಾದರೂ ಮೇಲೆ ಕರೆಸಿಕೊಂಡರೆ ಸಾಕು ಎಂದುಕೊಂಡೆ. ಆದರೆ ಮಳೆ ಬಿಡಲಿಲ್ಲ. ನಾವು ಇಳಿಸಿದಷ್ಟೂ ಮೇಲಿನಿಂದ ಬಂದು ತುಂಬಿತು.

ಭಾವ ಸಂತೆಗೆ ಹೋಗಿರಲಿಲ್ಲ. ನಿನಗೆ ಗೊತ್ತಿತ್ತು. ನಿನ್ನ ಕಾಗದ ನನ್ನ ಕೈ ಸೇರಿದ್ದು ನಿನ್ನೆ ಸಂಜೆ. ಗೇಟುಮನೆಯಲ್ಲಿ ಒಬ್ಬನೇ ಇರಬೇಡ ಎಂದು ಯಾಕೆ ಬರೆದೆ ಎಂದು ಯೋಚಿಸುತ್ತಿರುವಾಗಲೇ ಟ್ರ್ಯಾಕ್ಟರುಗಳು ಬಂದು ನಿಂತವು. ಕೊನೆಗದ್ದೆಯ ಗಂಡಸರೆಲ್ಲ ಇದ್ದರು. ಹಾರೆ, ಸುತ್ತಿಗೆ, ಸರಪಳಿ ತಂದಿದ್ದರು. ಭಾವ ಮುಂದೆ ನಿಂತಿದ್ದರು.

"ಬೀಗದ ಕೈ ಕೊಡೋ ಗುಬ್ಬಿ" ಎಂದರು. ಕೂಗಲಿಲ್ಲ, ಮನೆಯಲ್ಲಿ ಚೊಂಬು ಕೇಳುವ ಹಾಗೆ ಕೇಳಿದರು.

ನಾನು ಎಲ್ಲವನ್ನೂ ಹೇಳಿದೆ. "ಭಾವ, ಕೊಳವೆ ಬಿರಿದಿದೆ. ನೀರು ಬಿಟ್ರೆ ಏರೀನೇ ಹೋಗುತ್ತೆ. ಬನ್ನಿ, ಕೆಳಗಿಳಿದು ತೋರಿಸ್ತೀನಿ."

ಅವರು ನನ್ನನ್ನೇ ನೋಡಿದರು. "ರಿಪೇರಿ ಅಂದೆ. ಆಮೇಲೆ ಚಿಕ್ಕಮ್ಮ ಕರೀತಿದಾಳೆ ಅಂದೆ. ಆಮೇಲೆ ಎದೆನೋವು ಅಂದೆ. ಈಗ ಏರಿ ಹೋಗುತ್ತೆ ಅಂತೀಯ. ನಾಳೆಗೆ ಇನ್ನೇನು ಇಟ್ಕೊಂಡಿದೀಯಪ್ಪ?"

ಎಲ್ಲರೂ ನಕ್ಕರು. ನಾನು ಗೇಟಿನ ಚಕ್ರವನ್ನು ತಬ್ಬಿಕೊಂಡು ನಿಂತೆ. ಭಾವನೇ ನನ್ನ ಕೈ ಬಿಡಿಸಿದರು, ಹೊಡೆಯಲಿಲ್ಲ. ಬೀಗ ಒಡೆದರು. ಸರಪಳಿ ಕಟ್ಟಿ ಟ್ರ್ಯಾಕ್ಟರಿನಿಂದ ಜಗ್ಗಿದರು. ಗೇಟು ಮೇಲೆದ್ದಿತು, ಅದರ ಕಂಬಿ ಸೊಟ್ಟಗಾಗಿ ಅಲ್ಲೇ ಕಚ್ಚಿಕೊಂಡಿತು. ಈಗ ಅದು ಕೆಳಗೆ ಬರುವುದಿಲ್ಲ. ಮೇಲೆ ಹತ್ತಿ ಕುಣಿದರೂ ಬರುವುದಿಲ್ಲ, ಅದನ್ನೂ ಮಾಡಿ ನೋಡಿದೆವು.

ಮೊದಲು ನೀರು ತಿಳಿಯಾಗಿತ್ತು. ಗಂಡಸರು ಕುಣಿದಾಡಿದರು, ಕೆಲವರು ಆಗಲೇ ಊರಿಗೆ ಹೊರಟರು. ಸ್ವಲ್ಪ ಹೊತ್ತಿಗೆ ಕಾಲುವೆಯ ಬಾಯಲ್ಲಿ ನೀರು ಕೆಂಪಾಯಿತು. ಭಾವ ಲಾಟೀನು ಹಿಡಿದು ಇಳಿದರು, ಕೈಯಲ್ಲಿ ನೀರು ಎತ್ತಿ ನೋಡಿದರು. ಬೆರಳ ಸಂದಿಯಲ್ಲಿ ಮಣ್ಣು ನಿಂತಿತು. "ಗುಬ್ಬಿ, ಇದು ಏರಿ ಮಣ್ಣೇನೋ?" ಎಂದರು. ನಾನು ಹೂಂ ಎಂದೆ.

ಆಗಿನಿಂದ ಮೂಟೆ ಹೊರುತ್ತಿದ್ದೇವೆ. ಹಾಕಿದ್ದನ್ನೆಲ್ಲ ನೀರು ನುಂಗುತ್ತಿದೆ. ಈಗ ಏರಿಯ ಮೇಲೆ ಒಂದು ಕುಳಿ ಬಿದ್ದಿದೆ, ನೋಡುತ್ತಿದ್ದ ಹಾಗೇ ಅಗಲವಾಗುತ್ತಿದೆ. ದೊಡ್ಡ ಆಫೀಸಿಗೆ ಫೋನು ಮಾಡಿದೆ. ಊರುಗಳಿಗೆ ತಿಳಿಸುತ್ತೇವೆ ಎಂದರು. ತಿಳಿಸುತ್ತಾರೋ ಇಲ್ಲವೋ, ನನಗೆ ನಂಬಿಕೆಯಿಲ್ಲ. ಟ್ರ್ಯಾಕ್ಟರುಗಳನ್ನು ಕಳಿಸಿದ್ದರೆ ಬೇಗ ಸೇರುತ್ತಿದ್ದವು, ಆದರೆ ಇದ್ದವರು ಹೆದರಿ ಹತ್ತಿಕೊಂಡು ಪೇಟೆಯ ಕಡೆ ಹೋಗಿಬಿಟ್ಟರು. ಸೈಕಲ್ಲಣ್ಣ ಒಬ್ಬನೇ, "ಕೊಡಿ, ತುಳೀತೀನಿ" ಎಂದು ನಿಂತಿದ್ದಾನೆ.

ಭಾವನನ್ನು, ಅವನ ಹಿಂದೆ ಕೂತು ಹೋಗಿ, ಮಕ್ಕಳಿದ್ದಾರೆ ಎಂದು ಬೇಡಿಕೊಂಡೆ. "ನನ್ನ ಕೂರಿಸ್ಕೊಂಡ್ರೆ ಅವನು ನಿಧಾನ ಆಗ್ತಾನೆ" ಎಂದು ಮತ್ತೆ ಮೂಟೆ ಎತ್ತಿಕೊಂಡರು. ನಾನೂ ಅವರನ್ನು ಬಿಟ್ಟು ಹೋಗುವುದಿಲ್ಲ. ನಿನ್ನೆ ಸಂಜೆ ಬಿಟ್ಟ ನೀರು ಈ ಕಾಗದಕ್ಕಿಂತ ಮೊದಲೇ ನಿನ್ನನ್ನು ಮುಟ್ಟುತ್ತದೆ. ಅದನ್ನು ನೋಡಿ ಖುಷಿಪಡಬೇಡ ಅಕ್ಕ. ಇದೊಂದು ಸಲ ನನ್ನನ್ನು ನಂಬು. ಹತ್ತು. ಹಿಂದೆ ತಿರುಗಿ ನೋಡದೆ ಹತ್ತು.

ಗುಬ್ಬಿ


ಅಕ್ಟೋಬರ್ 18, ಬೆಳಗ್ಗೆ

ನನ್ನ ಬಂಗಾರದ ಗುಬ್ಬಿ,

ನೀರು ಬಂತು ಕಣೋ! ಬಂತು!

ಚಿಕ್ಕವಳು ಬಾಗಿಲಲ್ಲಿ ನಿಂತು, "ಅಮ್ಮಾ, ಕಾಲುವೆ ಮಾತಾಡ್ತಿದೆ" ಎಂದಳು. ಕೈಯಲ್ಲಿದ್ದ ಪಾತ್ರೆ ಬಿಸಾಕಿ ಓಡಿದೆ. ಎಷ್ಟು ನೀರು! ನಮ್ಮ ಕೊನೆಗದ್ದೆಗೆ ಇಷ್ಟು ನೀರು ನಾನು ಮದುವೆಯಾಗಿ ಬಂದಮೇಲೆ ಒಂದು ದಿನವೂ ಬಂದಿಲ್ಲ. ಕಾಲುವೆಯ ಅಂಚಿನವರೆಗೂ ತುಂಬಿ ಬರುತ್ತಿದೆ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ನಿನ್ನನ್ನು ಏನೇನೆಲ್ಲ ಅಂದುಬಿಟ್ಟೆ. ಈ ಪಾಪಿ ನಾಲಿಗೆಗೆ ಏನು ಮಾಡಲಿ? ಹೇಳಿಬಿಡುತ್ತೇನೆ, ನಿನ್ನ ಭಾವ ಸಂತೆಗೆ ಹೋಗಿರಲಿಲ್ಲ. ಬೀಗ ಒಡೆದಾದರೂ ಸರಿ, ನೀರು ತಂದೇ ತರುತ್ತೇವೆ ಎಂದು ಗಂಡಸರೆಲ್ಲ ನಿನ್ನಲ್ಲಿಗೇ ಹೊರಟಿದ್ದರು. ನಿನಗೆ ತಿಳಿಸಿದರೆ ಸಾಹೇಬರ ಕಿವಿಗೆ ಹಾಕುತ್ತೀಯೆಂದು ನಾನೇ ಬಾಯಿ ಹೊಲಿದುಕೊಂಡೆ. ಎರಡು ದಿನದಿಂದ ನನ್ನ ಜೀವ ಕೈಯಲ್ಲಿತ್ತು. ಗಂಡ ಒಂದು ಕಡೆ, ತಮ್ಮ ಇನ್ನೊಂದು ಕಡೆ ನಿಂತು ಹೊಡೆದಾಡಿಕೊಂಡರೆ ನಾನು ಯಾರ ಗಾಯಕ್ಕೆ ಬಟ್ಟೆ ಕಟ್ಟಲಿ? ಹೊಡೆದಾಟ ಆಗಿಲ್ಲವಂತೆ. ಅಲ್ಲಿಂದ ಮುಂಜಾನೆ ಹಿಂದಿರುಗಿ ಬಂದವರು ಹೇಳಿದರು, "ನಿಮ್ಮ ತಮ್ಮಂಗೆ ಒಂದೇಟೂ ಬಿದ್ದಿಲ್ಲಮ್ಮ, ಗೇಟು ಆರಾಮಾಗಿ ಎದ್ದುಬಿಡ್ತು" ಎಂದು. ಭಾವನ ಮುಖ ನೋಡಿ ನೀನೇ ಬೀಗದ ಕೈ ಕೊಟ್ಟಿರಬೇಕು. ಕೊಟ್ಟೇ ಇರುತ್ತೀಯ, ನನಗೆ ಗೊತ್ತು. ನಿನ್ನ ಕೆಲಸಕ್ಕೆ ಏನಾದರೂ ಆದರೆ ಇಲ್ಲಿಗೆ ಬಂದುಬಿಡು, ನಮ್ಮ ಜೊತೆ ಇರು.

ಊರಿಗೆ ಊರೇ ಗದ್ದೆಯಲ್ಲಿದೆ. ಮಿಲ್ಲಿನ ಹತ್ತಿರ ಗಪ್ಪಾಗಿದ್ದ ಹೆಂಗಸರು ಬಂದು ನನ್ನ ಕೈ ಹಿಡಿದುಕೊಂಡರು. ಕ್ಷೌರದಂಗಡಿಯವನು, "ಯಜಮಾನ್ರು ಬರ್ಲಿ, ಉಳಿದರ್ಧ ಗಡ್ಡ ಪುಕ್ಕಟೆ" ಎಂದು ದಾರಿಯಲ್ಲೇ ಕೂಗಿದ. ನಾನು ನಕ್ಕೆ, ಎಷ್ಟು ದಿನವಾಗಿತ್ತು ನಕ್ಕು.

ಮೊದಲು ತಿಳಿಯಾಗಿದ್ದ ನೀರು ಈಗ ಕೆಂಪಗೆ, ಗಟ್ಟಿಯಾಗಿ ಬರುತ್ತಿದೆ. ಅತ್ತೆ ಮೊಣಕಾಲವರೆಗೆ ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದಿದ್ದಾರೆ. ಬೊಗಸೆಯಲ್ಲಿ ಆ ಮಣ್ಣು ಹಿಡಿದು, "ನೋಡೇ, ಹೊಸ ಮಣ್ಣು, ಬೆಣ್ಣೆ ಥರ ಇದೆ. ಇನ್ನು ಮೂರು ವರ್ಷ ಗೊಬ್ಬರ ಬೇಡ ನಮಗೆ" ಎಂದು ಎಲ್ಲರಿಗೂ ತೋರಿಸುತ್ತಿದ್ದಾರೆ. ಎಲ್ಲರೂ ಬದು ಕಡಿದು ಆ ಕೆಂಪು ನೀರನ್ನೇ ತಮ್ಮ ತಮ್ಮ ಗದ್ದೆಗೆ ತಿರುಗಿಸಿಕೊಳ್ಳುತ್ತಿದ್ದಾರೆ. ಒಂದು ಹನಿಯನ್ನೂ ಬಿಡುವುದಿಲ್ಲ ಎಂದು ಪೈಪೋಟಿ.

ಇನ್ನೇನೂ ಬೇಡ ನನಗೆ. ನಿನ್ನ ಭಾವನಿಗೆ ಊಟ ಹಾಕಿ ಕಳಿಸು, ಹಸಿದ ಹೊಟ್ಟೆಯಲ್ಲಿ ಹೊರಟವರು. ನೀನೂ ಜೊತೆಯಲ್ಲಿ ಬಾ.

ಸೈಕಲ್ಲಣ್ಣ ಇವತ್ತು ಇನ್ನೂ ಬಂದಿಲ್ಲ. ದೊಡ್ಡವಳು ದೂರದಲ್ಲಿ ಯಾರೋ ಜೋರಾಗಿ ತುಳಿದುಕೊಂಡು ಬರುತ್ತಿದ್ದಾರೆ ಎನ್ನುತ್ತಿದ್ದಾಳೆ, ನನ್ನ ಕಣ್ಣಿಗೆ ಕಾಣುತ್ತಿಲ್ಲ. ಅವನೇ ಇರಬೇಕು. ಮಕ್ಕಳಿಬ್ಬರನ್ನೂ ಕರೆದುಕೊಂಡು ಕಾಲುವೆಯ ಅಂಚಿನಲ್ಲಿ, ನೀರಿಗೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದೇನೆ. ಅವನು ಬರುವವರೆಗೆ ಇಲ್ಲಿಂದ ಏಳುವುದಿಲ್ಲ.

ನಿನ್ನ ಅಕ್ಕ